ಇಳಿದವರಿಗೆ ಊರು, ಹಾದವರಿಗೆ ಬರೀ ರಸ್ತೆ!

ಶನಿವಾರ ಬೆಳಗಾಯಿತೋ ಇಲ್ಲವೋ, ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಗೆ ಕಾರುಗಳ ಸಾಲು ಹತ್ತುತ್ತದೆ. ಬೆಂಗಳೂರು ನಂಬರು, ಮೈಸೂರು ನಂಬರು, ಹೊರರಾಜ್ಯದ ನಂಬರು. ಗಾಜು ಏರಿಸಿಕೊಂಡು ಹೊರಟ ಮಹಾಶಯರಿಗೆ ಆಗುಂಬೆಯ ಸೂರ್ಯಾಸ್ತ ಬೇಕು, ಶೃಂಗೇರಿ ಶಾರದೆಯ ದರ್ಶನ ಬೇಕು, ರಾತ್ರಿಗೆ ರೆಸಾರ್ಟಿನ ಬಿಸಿನೀರು ಬೇಕು. ನಡುವೆ ಬರುವ ಊರುಗಳು? ಅವು ಹಂಪ್ ಬಂದಾಗ ಬ್ರೇಕು ಒತ್ತುವ ಜಾಗ, ಅಷ್ಟೇ!

ಅದೇ ಹೊತ್ತಿಗೆ ಖಾಸಗಿ ಬಸ್ ನಿಲ್ದಾಣದಲ್ಲಿ ‘ತೀರ್ಥಳ್ಳಿ, ಕೊಪ್ಪ, ಶೃಂಗೇರೀ...’ ಎಂದು ಏಜೆಂಟರ ಕೂಗು ಎದ್ದಿರುತ್ತದೆ. ಆ ಬಸ್ಸು ಹತ್ತುವವರಲ್ಲಿ ಮೇಷ್ಟ್ರುಗಳುಂಟು, ಬ್ಯಾಂಕಿನವರುಂಟು, ಗಾಂಧಿ ಬಜಾರಿನಲ್ಲಿ ಸಾಮಾನು ಕಟ್ಟಿಸಿಕೊಂಡು ಟಾಪಿಗೆ ಹಾಕಿಸಿದ ಅಂಗಡಿಯವರುಂಟು. ಇವರಿಗೆ ದಾರಿಯ ಪ್ರತಿ ತಿರುವೂ ಗೊತ್ತು. ಆದರೆ ‘ಊರು ನೋಡಿದ್ದೀರಾ ಸ್ವಾಮಿ?’ ಎಂದು ಕೇಳಿ. ‘ಅದರಲ್ಲೇನ್ರೀ ನೋಡೋದು, ದಿನಾ ಹೋಗ್ತೀವಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ!

ಅಂತೂ ದೂರದವರು ನಿಲ್ಲುವುದಿಲ್ಲ, ಹತ್ತಿರದವರು ನೋಡುವುದಿಲ್ಲ. ಇವರಿಬ್ಬರ ನಡುವೆ ಮಲೆನಾಡಿನ ಪುಟ್ಟ ಪೇಟೆಗಳು ಮಳೆಯಲ್ಲಿ ನೆನೆಯುತ್ತ ಕೂತಿವೆ. ತುಂಗೆಯ ದಂಡೆ ಹಿಡಿದು ಬಸ್ಸಿನಲ್ಲೇ ಎರಡು ದಿನ ಸುತ್ತಿ ಬರಬಹುದಾದ ಅಂಥ ಕೆಲವು ಊರುಗಳ ಸಂಗತಿ ಇಲ್ಲಿದೆ.

ಕಿಟಕಿ ಸೀಟು ಹಿಡಿಯಿರಿ

ಮೊದಲು ಒಂದು ಕಿವಿಮಾತು. ಕಂಡಕ್ಟರನ್ನು ಕೇಳಿ ಹೊಳೆ ಬದಿಯ ಕಿಟಕಿ ಹಿಡಿಯಬೇಕು. ಶಿವಮೊಗ್ಗ ಬಿಟ್ಟು ಗಾಜನೂರಿನ ಅಣೆಕಟ್ಟು ಕಳೆಯುತ್ತಲೂ ಸಕ್ರೆಬೈಲು. ಬೆಳಗಿನ ಬಸ್ಸಾದರೆ ಹಿನ್ನೀರಿನಲ್ಲಿ ಸ್ನಾನಕ್ಕೆ ಇಳಿದ ಆನೆಗಳ ದರ್ಶನವಾದರೂ ಆಯಿತು. ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ನಡುವಿನ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿ ಕೂತವೆಂದರೆ, ಮರಕ್ಕೆ ಯಾರೋ ಸುಣ್ಣ ಬಳಿದಂತೆ ಕಾಣುತ್ತದೆ. ಕಾರಿನವರು ಇದಕ್ಕೆ ನಿಲ್ಲಿಸಿ ಇಳಿಯಬೇಕು. ಬಸ್ಸಿನವರಿಗೆ ಟಿಕೆಟ್ಟಿನ ಜೊತೆ ಬಿಟ್ಟಿ!

ಸುಮಾರು 60 ಕಿಲೋಮೀಟರು ಕಳೆದರೆ ತೀರ್ಥಹಳ್ಳಿ.

ತೀರ್ಥಹಳ್ಳಿ: ಹೊಳೆ, ಸೇತುವೆ, ಅಡಿಕೆ

ತುಂಗೆಯ ಮೇಲಿನ ಕಮಾನಿನ ಸೇತುವೆ ಈ ಊರಿನ ಗುರುತು. ಕೊಡಲಿಯ ರಕ್ತ ತೊಳೆಯಲು ಪರಶುರಾಮ ಇಲ್ಲಿಗೆ ಬಂದ, ಅದಕ್ಕೇ ಇದು ‘ತೀರ್ಥ’ಹಳ್ಳಿ ಎಂಬುದು ಸ್ಥಳಪುರಾಣ. ಹೊಳೆಯ ದಡದಲ್ಲಿ ರಾಮೇಶ್ವರ ದೇವಸ್ಥಾನ. ಎಳ್ಳಮಾವಾಸ್ಯೆ ಜಾತ್ರೆಗೆ ಸುತ್ತಿನ ಹಳ್ಳಿಗಳೆಲ್ಲ ಇಲ್ಲಿಗೇ ಇಳಿಯುತ್ತವೆ. ತೆಪ್ಪೋತ್ಸವದ ರಾತ್ರಿ ಹೊಳೆಯ ಎರಡೂ ದಂಡೆ ಜನವೋ ಜನ.

ಜಾತ್ರೆ ವರ್ಷಕ್ಕೊಮ್ಮೆ. ಮಿಕ್ಕ ದಿನ ಊರು ನಡೆಯುವುದು ಅಡಿಕೆಯ ಮೇಲೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ಮಾತು ಕಿವಿಗೆ ಬಿದ್ದರೆ ಅದು ಯಾವುದೋ ಮಂತ್ರವಲ್ಲ, ಅಡಿಕೆಯ ದರ್ಜೆ. ಪೇಟೆ ಬೀದಿಯಲ್ಲಿ ಇಬ್ಬರು ಎದುರಾದರೆ ‘ಚೆನ್ನಾಗಿದ್ದೀರಾ’ ಆದ ಮೇಲಿನ ಎರಡನೇ ಪ್ರಶ್ನೆ ‘ರೇಟೆಷ್ಟು?’ ಧಾರಣೆ ಏರಿತೋ, ಜವಳಿ ಅಂಗಡಿಯಿಂದ ಹಿಡಿದು ಬೆಳ್ಳಿ-ಬಂಗಾರದವರ ತನಕ ಎಲ್ಲರ ಮುಖದಲ್ಲೂ ಕಳೆ. ಇಳಿಯಿತೋ, ಉದ್ರಿ ಪುಸ್ತಕ ದಪ್ಪವಾಯಿತೆಂದೇ ಲೆಕ್ಕ. ದಲ್ಲಾಳಿಯ ಹಂಗಿಲ್ಲದೆ ಬೆಳೆಗಾರರೇ ಸೇರಿ ಅಡಿಕೆ ಮಾರಬೇಕೆಂದು 1939ರಲ್ಲಿ ಹುಟ್ಟಿದ ‘ಮ್ಯಾಮ್‌ಕೋಸ್’ ಸಹಕಾರ ಸಂಘ ಇಂದಿಗೂ ಈ ಸೀಮೆಯ ದೊಡ್ಡ ಆಸರೆ.

ಇನ್ನು ಸಾಹಿತ್ಯದ ಮಾತು. 1967ರ ಜ್ಞಾನಪೀಠ ಪಡೆದ ಕುವೆಂಪು ಬೆಳೆದ ಕುಪ್ಪಳಿ ಈ ತಾಲೂಕಿನದು. 1994ರಲ್ಲಿ ಅದೇ ಪ್ರಶಸ್ತಿ ಪಡೆದ ಯು.ಆರ್. ಅನಂತಮೂರ್ತಿ ಹುಟ್ಟಿದ ಮೇಳಿಗೆಯೂ ಇದೇ ತಾಲೂಕು. ಕುವೆಂಪು ಹುಟ್ಟಿದ್ದು ಮಾತ್ರ ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಅದು ಕೊಪ್ಪ ತಾಲೂಕು. ಹೀಗಾಗಿ ತೊಟ್ಟಿಲು ಕೊಪ್ಪದ್ದು, ಅಂಗಳ ತೀರ್ಥಹಳ್ಳಿಯದು! ಈ ವಿಷಯದಲ್ಲಿ ಎರಡೂ ಊರಿನವರಿಗೆ ರಾಜಿಯಾಗಲು ಅಡ್ಡಿಯಿಲ್ಲ.

ತೀರ್ಥಹಳ್ಳಿಯಲ್ಲಿ ಮಾಡಬೇಕಾದ್ದು ಇಷ್ಟೇ. ಬಸ್ ಸ್ಟ್ಯಾಂಡಿನಿಂದ ಹೊಳೆ ತನಕ ನಡೆಯಿರಿ. ಹೋಟೆಲಿನಲ್ಲಿ ಬಿಸಿ ಬನ್ಸು, ಕಾಫಿ ಕುಡಿದು, ಕೊಡೆ ಅಂಗಡಿ, ಕಂಬಳಿ ಅಂಗಡಿ, ಕತ್ತಿ-ಹಾರೆ ಮಾರುವ ಅಂಗಡಿಗಳ ಸಾಲು ನೋಡಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಕಂಡರೆ ಕಟ್ಟಿಸಿಕೊಳ್ಳಿ. ಇದೇ ಊರು ನೋಡುವ ಕ್ರಮ.

ಆಗುಂಬೆ: ಮಳೆಯ ಮನೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಕಂಡಕ್ಟರು ‘ಮೇಗರವಳ್ಳಿ’ ಎಂದು ಕೂಗಿದಾಗ ಕಾದಂಬರಿ ಓದುವ ಚಟವಿದ್ದವರು ತಲೆ ಎತ್ತುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬರುವ ಮೇಗರವಳ್ಳಿ ಇದೇ. ಪುಸ್ತಕದ ಊರಿನಲ್ಲಿ ಬಸ್ಸು ನಿಲ್ಲುತ್ತದೆ, ಇಬ್ಬರು ಇಳಿದು ನಾಲ್ವರು ಹತ್ತುತ್ತಾರೆ, ರೈಟ್ ಎಂದರೆ ಮುಂದಕ್ಕೆ.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7 ಸಾವಿರ ಮಿಲಿಮೀಟರು ಮೀರುತ್ತದೆ. ಬಯಲುಸೀಮೆಯ ಚಳ್ಳಕೆರೆಯಲ್ಲಿ ಹತ್ತು ವರ್ಷ ಸೇರಿಸಿದರೂ ಬೀಳದಷ್ಟು ನೀರು ಇಲ್ಲಿ ಒಂದೇ ವರ್ಷಕ್ಕೆ! ಆದ್ದರಿಂದ ಆಷಾಢದಲ್ಲಿ ಸೂರ್ಯಾಸ್ತ ನೋಡಲು ಬಂದವರಿಗೆ ಸಿಗುವುದು ಮಂಜು ಮತ್ತು ಉಂಬಳ. ಸೂರ್ಯ ಬೇಕಾದವರು ದೀಪಾವಳಿ ಕಳೆದ ಮೇಲೆ ಬರಬೇಕು. ಆಕಾಶ ತಿಳಿಯಾಗಿದ್ದರೆ ಘಾಟಿಯ ತುದಿಯಿಂದ ದೂರದ ಅರಬ್ಬಿ ಸಮುದ್ರ ಬೆಳ್ಳಿ ಗೆರೆಯಂತೆ ಕಾಣುತ್ತದೆ.

ಮಳೆಯೇ ಬೇಕು ಎನ್ನುವವರು ಮಾತ್ರ ಜೂನ್-ಜುಲೈನಲ್ಲಿ ಬನ್ನಿ. ಹಂಚಿನ ಮಾಡಿನ ಮೇಲೆ ರಾತ್ರಿಯಿಡೀ ಸುರಿಯುವ ಸದ್ದು ಕೇಳುತ್ತ ಮಲಗುವ ಸುಖ ಬೇರೆ ಕಡೆ ಸಿಕ್ಕದು. ಉಂಬಳಕ್ಕೆ ಉಪ್ಪೋ ಸುಣ್ಣವೋ ಜೇಬಲ್ಲಿರಲಿ.

ಒಂದು ಬೀದಿಯ ಈ ಊರು ದೇಶಕ್ಕೆಲ್ಲ ಪರಿಚಯವಾದದ್ದು ಟೀವಿಯಿಂದ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ, 1986ರಲ್ಲಿ ದೂರದರ್ಶನದ ಮುಂದೆ ಕೂತ ಜನ ಕಂಡ ಮಾಲ್ಗುಡಿಯ ಬೀದಿಗಳು ಆಗುಂಬೆಯವು. ಅದರ ರೈಲ್ವೆ ಸ್ಟೇಷನ್ ಹೊಸನಗರ ತಾಲೂಕಿನ ಅರಸಾಳಿನದು. 2020ರಲ್ಲಿ ಆ ಹಳೇ ನಿಲ್ದಾಣ ಮಾಲ್ಗುಡಿ ಮ್ಯೂಸಿಯಂ ಆಯಿತು. ನಾರಾಯಣ್ ಕಲ್ಪಿಸಿದ ಊರಿಗೆ ಶಂಕರ್ ನಾಗ್ ಸೆಟ್ ಹಾಕುವ ಬದಲು ನಿಜವಾದ ಊರು ಹುಡುಕಿದ್ದು ದೊಡ್ಡ ಮಾತು. ಕಟ್ಟೆ, ಜಗಲಿ, ಹಂಚಿನ ಮನೆ, ಓಡಾಡುವ ಜನ ಎಲ್ಲ ಅಲ್ಲಿ ಮೊದಲೇ ಇತ್ತು.

ಇಲ್ಲಿಂದ ಕೆಳಗೆ ಹದಿನಾಲ್ಕು ತಿರುವಿನ ಘಾಟಿ. ಮಳೆ ಜೋರಾದ ವರ್ಷಗಳಲ್ಲಿ ಧರೆ ಜರಿಯುವುದು, ಭಾರಿ ವಾಹನ ನಿಲ್ಲಿಸುವುದು ಮಾಮೂಲು. ಘಾಟಿ ಬಂದ್ ಎಂದರೆ ನೋಡುವವರಿಗೆ ಒಂದು ಸುದ್ದಿ. ಮಣಿಪಾಲದ ಆಸ್ಪತ್ರೆಗೆ ಹೊರಟವರಿಗೆ, ಉಡುಪಿಯಿಂದ ಮೀನು-ತರಕಾರಿ ತರಿಸುವವರಿಗೆ ಅದು ಸುತ್ತು ದಾರಿ, ಹೆಚ್ಚು ದುಡ್ಡು.

ಶೃಂಗೇರಿ: ದರ್ಶನ ಆದ ಮೇಲೆ ಏನು?

ಆಗುಂಬೆಯಿಂದ ಮೂವತ್ತು ಕಿಲೋಮೀಟರಿನೊಳಗೆ ಶೃಂಗೇರಿ. ಶಾರದಾಂಬೆಯ ದರ್ಶನ, ಮಠದ ಊಟ, ತುಂಗೆಯ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ. ಹೆಚ್ಚಿನವರ ಶೃಂಗೇರಿ ಇಷ್ಟಕ್ಕೇ ಮುಗಿಯುತ್ತದೆ. ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇವಾಲಯವನ್ನು ಒಂದು ಸುತ್ತು ಹಾಕಿ ಫೋಟೋ ತೆಗೆದರೆ ಬಸ್ಸಿಗೆ ಹೊತ್ತಾಯಿತು!

ಸ್ವಲ್ಪ ನಿಲ್ಲಿ ಸ್ವಾಮಿ. ಒಳಗೆ ಹನ್ನೆರಡು ಕಂಬ, ಹನ್ನೆರಡು ರಾಶಿ. ಆಯಾ ಮಾಸದಲ್ಲಿ ಆಯಾ ರಾಶಿಯ ಕಂಬದ ಮೇಲೆ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ಹೊರಗಿನ ಗೋಡೆಯ ಶಿಲ್ಪ ನೋಡಲಿಕ್ಕೇ ಒಂದು ಗಂಟೆ ಬೇಕು. ಆಮೇಲೆ ಪೇಟೆ ಬೀದಿಯಲ್ಲಿ ಅಡ್ಡಾಡಿ. ಹತ್ತು ಕಿಲೋಮೀಟರು ದೂರದ ಕಿಗ್ಗಕ್ಕೆ ಹೋಗಿ ಬನ್ನಿ. ಮಳೆ ತರಿಸಿದ ಋಷ್ಯಶೃಂಗನ ಗುಡಿ ಅಲ್ಲಿದೆ. ಮಳೆ ಬಾರದಿದ್ದರೂ ಅವನಿಗೇ ಪೂಜೆ, ಬಂದ ಮಳೆ ನಿಲ್ಲದಿದ್ದರೂ ಅವನಿಗೇ ಪೂಜೆ!

ಯಾತ್ರಿಕರ ಊರಾದ್ದರಿಂದ ಶೃಂಗೇರಿಯ ಅಂಗಡಿಯವರಿಗೆ ಕಷ್ಟವಿಲ್ಲ ಎಂದುಕೊಂಡರೆ ಅದು ಅರ್ಧ ಸತ್ಯ. ಮಳೆಗಾಲದಲ್ಲಿ ತುಂಗೆ ಉಕ್ಕಿ ಗಾಂಧಿ ಮೈದಾನಕ್ಕೆ ನುಗ್ಗುವುದುಂಟು. ಆಗ ಸಾಮಾನು ಎತ್ತಿಡುವ ಗಡಿಬಿಡಿ ಕಂಡವರಿಗೇ ಗೊತ್ತು. ಸುತ್ತಿನ ಹಳ್ಳಿಗಳ ತೋಟಕ್ಕೆ ಹಳದಿ ಎಲೆ ರೋಗ ಬಡಿದು ದಶಕಗಳೇ ಆದವು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಜೀಪು ನಿಲ್ಲಿಸಿ ‘ವಾಹ್, ಎಂಥಾ ಹಸಿರು!’ ಎನ್ನುವವರಿಗೆ ಆ ಹಸಿರಿನ ನಡುವಿನ ಹಳದಿ ಕಾಣುವುದಿಲ್ಲ.

ಕೊಪ್ಪ: ಬಸ್ಸಿನ ಊರು

ಕೊಪ್ಪದಲ್ಲಿ ಏನಿದೆ ಎಂದು ಕೇಳುವವರೇ ಹೆಚ್ಚು. ದೊಡ್ಡ ಗುಡಿಯಿಲ್ಲ, ಜಲಪಾತವಿಲ್ಲ. ಇರುವುದು ಅಡಿಕೆ, ಕಾಫಿ, ಪೇಟೆ. ಆದರೆ ಬಸ್ಸಿನಲ್ಲಿ ಓಡಾಡುವ ಯಾರೂ ಈ ಊರಿಗೊಂದು ನಮಸ್ಕಾರ ಹೇಳದೆ ಹೋಗುವಂತಿಲ್ಲ.

ಖಾಸಗಿ ಬಸ್ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ‘ಸಹಕಾರ ಸಾರಿಗೆ’. ಕಾರ್ಮಿಕನೇ ಮಾಲೀಕ! ಕೈಬೆರಳಲ್ಲಿ ಎಣಿಸುವಷ್ಟು ಬಸ್ಸುಗಳಿಂದ ಶುರುವಾದ ಸಂಸ್ಥೆ ಮುಂದೆ ಮಲೆನಾಡಿನ ಮೂಲೆ ಮೂಲೆಗೂ ಬಸ್ಸು ಓಡಿಸಿತು. ಶಾಲೆ-ಕಾಲೇಜಿನ ಮಕ್ಕಳಿಗೆ ರಿಯಾಯಿತಿ ಕೊಟ್ಟಿತು. ಆ ಬಸ್ಸು ಬಂತೆಂದರೆ ಹಳ್ಳಿಗೆ ಪೇಪರು, ಔಷಧಿ, ಟೈಲರಿಗೆ ಕೊಟ್ಟ ಬಟ್ಟೆ ಎಲ್ಲ ಬಂದಂತೆ. ಅದನ್ನು ನೋಡಲು, ಕಲಿಯಲು ಹೊರಗಿನವರು ಬರುತ್ತಿದ್ದರು.

ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಲಾಕ್‌ಡೌನ್. ದಿನಕ್ಕೆ ಎರಡು ಟ್ರಿಪ್ಪಿನ ಬಸ್ಸನ್ನೇ ನಂಬಿದ ಹಳ್ಳಿಗೆ ಬಸ್ಸು ನಿಂತರೆ ಏನಾಗುತ್ತದೆ? ಉಳ್ಳವರು ಬೈಕು, ಕಾರು ಕೊಂಡರು. ಇಲ್ಲದವರು ಆಟೋಕ್ಕೆ ಹೆಚ್ಚು ತೆತ್ತರು. ಹುಡುಗಿಯರ ಕಾಲೇಜಿನ ಮಾತು ಮನೆಯ ಜಗಲಿಯಲ್ಲಿ ಚರ್ಚೆಗೆ ಬಂತು. ಪೇಟೆಯ ಅಂಗಡಿಗೆ ಬರುವ ಗಿರಾಕಿಯೂ ಕಮ್ಮಿಯಾದ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಬಂದಿದೆ, ಸಂತೋಷ. ಆದರೆ ಖಾಸಗಿ ಬಸ್ಸೇ ಓಡುವ ದಾರಿಯಲ್ಲಿ ಆ ‘ಶಕ್ತಿ’ ನಡೆಯುವುದಿಲ್ಲ. ಮಲೆನಾಡಿನಲ್ಲಿ ಅಂಥ ದಾರಿಗಳೇ ಜಾಸ್ತಿ!

ಕೊಪ್ಪದಿಂದ ತೀರ್ಥಹಳ್ಳಿಗೆ ಮರಳುವಾಗ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ಕುಪ್ಪಳಿ ಸಿಗುತ್ತದೆ. ಕವಿಯ ಮನೆ ಈಗ ಮ್ಯೂಸಿಯಂ. ಮೇಲೆ ಕವಿಶೈಲದಲ್ಲಿ ಕವಿಯ ಸಮಾಧಿ. ಸಂಜೆ ಬಿಸಿಲಿಗೆ ಅಲ್ಲಿನ ಬಂಡೆಯ ಮೇಲೆ ಕೂತು ಎದುರಿನ ಮಲೆಸಾಲು ನೋಡಿದವರು ಮಾತಾಡುವುದು ಕಮ್ಮಿ.

ಖಾಲಿಯಾದ ಊರಿನ ಪಾಠ

ಊರಿನ ಚಂದ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದವರು ಶೃಂಗೇರಿಯಿಂದ ಇನ್ನೊಂದು ದಾರಿ ಹಿಡಿಯಬೇಕು. ಕೆರೆಕಟ್ಟೆಯ ಕಾಡು ದಾಟಿ, ಎಸ್.ಕೆ. ಬಾರ್ಡರಿನಲ್ಲಿ ತಿರುಗಿದರೆ ಕುದುರೆಮುಖ. ನೋಟದ ಲೆಕ್ಕದಲ್ಲಿ ಮೇಲೆ ಹೇಳಿದ ಯಾವ ಊರೂ ಇದಕ್ಕೆ ಸಮನಲ್ಲ. ಸುತ್ತಲೂ ಹುಲ್ಲಿನ ಬೋಳುಗುಡ್ಡಗಳು, ನಡುವೆ ಶೋಲಾ ಕಾಡು, ಕೆಳಗೆ ಭದ್ರೆ.

ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪನಿ ಹುಟ್ಟಿತು. ಅದರ ಜೊತೆ ಟೌನ್‌ಶಿಪ್ಪೂ ಎದ್ದಿತು. ಶಾಲೆ, ಆಸ್ಪತ್ರೆ, ಸಾಲು ಸಾಲು ಕ್ವಾರ್ಟರ್ಸು. ಅದಿರನ್ನು ಕೆಸರು ಮಾಡಿ ಸುಮಾರು 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಕಾಡು, ಭದ್ರೆಯ ನೀರು ಹಾಳಾಗುತ್ತಿದೆ ಎಂಬ ಹೋರಾಟ ಸುಪ್ರೀಂ ಕೋರ್ಟಿನ ತನಕ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ನದಿ, ಕಾಡು ಉಸಿರಾಡಿದವು. ಅದು ಆಗಲೇಬೇಕಾದ್ದು.

ಆದರೆ ಊರು? ಕೆಲಸ ನಿಂತಿತು, ಜನ ಹೊರಟರು, ಕ್ವಾರ್ಟರ್ಸಿಗೆ ಬೀಗ ಬಿತ್ತು, ಹಾವಸೆ ಹತ್ತಿತು. ಗಿರಾಕಿಯಿಲ್ಲದ ಅಂಗಡಿ ಯಾರಿಗಾಗಿ ಬಾಗಿಲು ತೆಗೆಯಬೇಕು? ಗುಡ್ಡ ಅಲ್ಲೇ ಇದೆ, ಮಂಜು ಅಲ್ಲೇ ಇದೆ. ನೋಟಕ್ಕೇನೂ ಕೊರತೆಯಿಲ್ಲ. ಜನರ ಬದುಕು ಮಾತ್ರ ಇಲ್ಲ. ಒಂದೇ ಕಸುಬನ್ನು ನೆಚ್ಚಿದ ಊರಿಗೆ ಆ ಕಸುಬು ಕೈಬಿಟ್ಟ ದಿನವೇ ಕೊನೆ.

ಅಲ್ಲಿಂದ ಇನ್ನೂ ಮುಂದೆ ಹೋದರೆ ಅದೇ ಭದ್ರೆಯ ದಂಡೆಯಲ್ಲಿ ಕಳಸ. ಕಳಸೇಶ್ವರನ ಗುಡಿ, ಮೆಟ್ಟಿಲು, ಕೆಳಗೆ ಪೇಟೆ. ಹತ್ತಿರದಲ್ಲೇ ಬಂದವರಿಗೆಲ್ಲ ಅನ್ನ ಬಡಿಸುವ ಹೊರನಾಡು. ಗಣಿ ಬರುವ ಮೊದಲೂ ಕಳಸ ಇತ್ತು, ಹೋದ ಮೇಲೂ ಇದೆ. ಅದಕ್ಕೆ ಕಾಫಿಯುಂಟು, ಅಡಿಕೆಯುಂಟು, ಮೆಣಸುಂಟು, ದೇವರೂ ಉಂಟು.

ಪ್ರವಾಸಿ ಎಂಬ ಹೊಸ ಗಣಿ

ಈಗ ಮಲೆನಾಡಿಗೆ ಹೊಸ ಗಣಿಯೊಂದು ಸಿಕ್ಕಿದೆ, ಅದರ ಹೆಸರು ಪ್ರವಾಸೋದ್ಯಮ. ಅಡಿಕೆಗೆ ರೋಗ, ಕೂಲಿಗೆ ಜನವಿಲ್ಲ, ಕೊನೆ ತೆಗೆಯುವ ಕೊನೆಗಾರ ಸಿಕ್ಕುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ಹೀಗಿರುವಾಗ ಮನೆಯ ಎರಡು ಕೋಣೆ ಹೋಮ್ ಸ್ಟೇ ಮಾಡಿದರೆ ಯಾರೂ ಬೇಡ ಎನ್ನುವಂತಿಲ್ಲ. ಬಂದವರು ಅಕ್ಕಿರೊಟ್ಟಿ ತಿಂದು, ಕಡುಬು ತಿಂದು, ದುಡ್ಡು ಕೊಟ್ಟು ಹೋಗಲಿ. ತಪ್ಪೇನು?

ತಪ್ಪಿರುವುದು ಊರನ್ನೇ ನೋಟಕ್ಕೆ ಬಿಟ್ಟುಕೊಡುವುದರಲ್ಲಿ. ಗುಡ್ಡದ ನೆತ್ತಿ ಕಡಿದು ಕಟ್ಟಡ ಎಬ್ಬಿಸಿದರೆ, ಕಾರು ಜೋರಾಗಿ ಓಡಲೆಂದು ಇಳಿಜಾರನ್ನು ನೆಟ್ಟಗೆ ಕತ್ತರಿಸಿದರೆ, ಮಳೆ ಲೆಕ್ಕ ಕೇಳುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದವು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಮನೆ, ತೋಟಗಳು ಮಣ್ಣಿನ ಪಾಲಾದವು. ನೋಡಲು ಬಂದವರು ಮುಂದಿನ ವಾರ ಬೇರೆ ಗುಡ್ಡಕ್ಕೆ ಹೋದಾರು. ತೋಟ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು?

ಇನ್ನೊಂದು ಲೆಕ್ಕ ಅಂಗಡಿಯವರಿಗೆ ಸಂಬಂಧಿಸಿದ್ದು. ಊಟ, ತಿಂಡಿ, ನೀರಿನ ಬಾಟಲಿ ಎಲ್ಲ ಡಿಕ್ಕಿಯಲ್ಲೇ ತುಂಬಿಸಿಕೊಂಡು ಬಂದು, ಖಾಲಿ ಬಾಟಲಿ ಮಾತ್ರ ಜಲಪಾತದ ಬಳಿ ಇಳಿಸಿ ಹೋಗುವ ಪ್ರವಾಸಿಯಿಂದ ತೀರ್ಥಹಳ್ಳಿಯ ಅಂಗಡಿಗೆ ಬಂದ ವ್ಯಾಪಾರ ಎಷ್ಟು? ಸೊನ್ನೆ. ಬಸ್ಸಿನಲ್ಲಿ ಬಂದವನ ಮಾತೇ ಬೇರೆ. ಅವನಿಗೆ ಕಾಫಿ ಬೇಕು, ಕೊಡೆ ಬೇಕು, ರಾತ್ರಿ ಲಾಡ್ಜ್ ಬೇಕು, ಊರಿಗೆ ಒಯ್ಯಲು ಉಪ್ಪಿನಕಾಯಿ ಬೇಕು. ತೀರ್ಥಹಳ್ಳಿಯ ಅಂಗಡಿ ನಡೆದರೆ ಅದಕ್ಕೆ ಮಾಲು ಕಳಿಸುವ ಗಾಂಧಿ ಬಜಾರೂ ನಡೆದಂತೆ. ತುಂಗೆ ಹರಿಯುವುದು ಮೇಲಿಂದ ಕೆಳಕ್ಕೆ, ವ್ಯಾಪಾರ ಎರಡೂ ಕಡೆಗೆ!

ಎರಡು ದಿನ ಸಾಕು

ಕೊನೆಗೊಂದು ಸುಲಭದ ಲೆಕ್ಕ. ಅಂಗಡಿಗೆ ವಾರದ ರಜೆ, ಅದಕ್ಕೊಂದು ದಿನ ಸೇರಿಸಿ. ಮುಂಜಾನೆಯ ಬಸ್ಸಿಗೆ ತೀರ್ಥಹಳ್ಳಿ. ಹೊಳೆ, ಪೇಟೆ ನೋಡಿ ಮಧ್ಯಾಹ್ನಕ್ಕೆ ಆಗುಂಬೆ. ಸೂರ್ಯ ಕಂಡರೆ ಕಂಡ, ಇಲ್ಲದಿದ್ದರೆ ಮಳೆ ಕಂಡಿರಿ. ಮಾರನೇ ದಿನ ಶೃಂಗೇರಿ, ಮಧ್ಯಾಹ್ನ ಊಟ ಮುಗಿಸಿ ಕೊಪ್ಪ, ಹೊತ್ತಿದ್ದರೆ ಕುಪ್ಪಳಿ, ರಾತ್ರಿಗೆ ವಾಪಸು. ಹೊರಡುವ ಮುಂಚೆ ಕೊನೇ ಬಸ್ಸಿನ ಟೈಮು ಕೇಳಿಟ್ಟುಕೊಳ್ಳುವುದು ಕ್ಷೇಮ. ಕುದುರೆಮುಖ, ಕಳಸಕ್ಕೆ ಇನ್ನೊಂದು ದಿನ ಬೇಕೇ ಬೇಕು.

ಮಾಘ ಮಾಸದ ಒಳಗೆ ಹೋದರೆ ದಾರಿಯ ಮನೆಗಳ ಅಂಗಳದಲ್ಲಿ ಅಡಿಕೆ ಒಣಗಿರುತ್ತದೆ. ಬೇಯಿಸಿದ ಚೊಗರಿನ ವಾಸನೆ ಬಸ್ಸಿನೊಳಕ್ಕೂ ಬರುತ್ತದೆ. ಸಂಜೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಮಾತು, ನಗು ಕೇಳಿಸುತ್ತದೆ. ಇದ್ಯಾವುದೂ ಪ್ರವಾಸಿಗರಿಗಾಗಿ ನಡೆಯುವುದಲ್ಲ. ಅದಕ್ಕೇ ಅದು ನೋಡಲು ಚಂದ.

ದೂರದವರು ಇಳಿಯುವುದು ಬಿಡುವುದು ಅವರ ಇಷ್ಟ. ದಿನಾ ಅದೇ ದಾರಿಯಲ್ಲಿ ಓಡಾಡುವವರಾದರೂ ಒಮ್ಮೆ ಕೆಲಸವಿಲ್ಲದೆ ಇಳಿಯಬಾರದೇ? ಕಂಡಕ್ಟರು ‘ಇಳಿಯೋರು ಇಳೀರಿ’ ಎಂದು ಕೂಗುವುದು ಎಲ್ಲರಿಗೂ ಸೇರಿಯೇ!